ಫೀಬಿಯ ಹಂಗಿಲ್ಲದ ನಡೆ: ಲೀಸಾ ಕುಡ್ರೋ ಅವರ ಸ್ವಭಾವವೋ, ಕಸುಬೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಾಸ್, ರೇಚಲ್, ಮೋನಿಕಾ, ಚಾಂಡ್ಲರ್, ಜೋಯಿ, ಫೀಬಿ ಎಂಬ ಆರು ಮಂದಿ ಗೆಳೆಯರ ಕಥೆಯಾದ ‘ಫ್ರೆಂಡ್ಸ್’ ಹಾಸ್ಯ ಧಾರಾವಾಹಿಯನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಇತ್ತೀಚೆಗೆ ಎರಡನೆಯ ಬಾರಿ ನೋಡಿ ಮುಗಿಸಿದೆ. 1994ರ ಸೆಪ್ಟೆಂಬರ್ 22ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 2004ರ ಮೇ 6ರಂದು ಮುಗಿದ, ಹತ್ತು ಸೀಸನ್‌ಗಳ ಈ ಸರಣಿಯನ್ನು ಮೊದಲ ಸಲ ನೋಡಿದಾಗ ನನ್ನ ಗಮನವೆಲ್ಲ ರಾಸ್ ಮತ್ತು ರೇಚಲ್ ಅವರ ಪ್ರೇಮಪ್ರಕರಣದ ಮೇಲೆಯೇ ಇತ್ತು. ಈ ಸಲ ಮಾತ್ರ ನನ್ನ ಕಣ್ಣು ಫೀಬಿ ಬುಫೆಯನ್ನು ಬಿಟ್ಟು ಕದಲಲಿಲ್ಲ. ಮಸಾಜ್ ಮಾಡಿ ಬದುಕುವ, ಕಾಫಿ ಅಂಗಡಿಯ ಮೂಲೆಯಲ್ಲಿ ಗಿಟಾರ್ ಹಿಡಿದು ನಾರುವ ಬೆಕ್ಕಿನ ಮೇಲೆ ಹಾಡು ಕಟ್ಟುವ, ಯಾರು ಏನೆಂದುಕೊಂಡಾರು ಎಂಬ ಚಿಂತೆಯೇ ಹತ್ತಿರ ಸುಳಿಯದ ಹೆಂಗಸು ಅವಳು.

ನನ್ನ ಆಪ್ತರೊಬ್ಬರ ಜತೆ ಈ ವಿಷಯವಾಗಿ ಸಣ್ಣ ಜಗಳವೇ ಆಯಿತು. ಅವರ ಪ್ರಕಾರ ಫೀಬಿಯ ಪಾತ್ರ ಮಾಡಿದ ಲೀಸಾ ಕುಡ್ರೋ ಅಲ್ಲಿ ನಟಿಸಿಯೇ ಇಲ್ಲ. ಅವರು ಇರುವುದೇ ಹಾಗೆ, ಕ್ಯಾಮೆರಾ ಮುಂದೆ ಇದ್ದ ಹಾಗೆಯೇ ಇದ್ದರು, ಅಷ್ಟೇ. ಆದರೆ ಕುಡ್ರೋ ಜೀವಶಾಸ್ತ್ರದಲ್ಲಿ ಪದವಿ ಪಡೆದವರು ಎಂದು ನಾನು ಎಲ್ಲಿಯೋ ಓದಿದ್ದೆ. ಪದವಿ ಪಡೆದವರು ಸ್ವಚ್ಛಂದವಾಗಿ ಇರಬಾರದೆಂದೇನೂ ಇಲ್ಲ. ಆದರೂ ಫೀಬಿಯಂಥ ಪಾತ್ರವನ್ನು ಹತ್ತು ವರ್ಷ ಕಾಲ ‘ಇದ್ದ ಹಾಗೆ ಇದ್ದು’ ನಿಭಾಯಿಸಲು ಸಾಧ್ಯವೆಂದು ನನಗೆ ಅನ್ನಿಸುತ್ತಿಲ್ಲ. ಆ ಪಾತ್ರದಲ್ಲಿ ನಟಿಯ ಪಾಲೆಷ್ಟು, ಬರೆದವರ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಕೊನೆಯ ಸೀಸನ್‌ಗಳಲ್ಲಿ ಫೀಬಿ ಕೊಂಚ ಬದಲಾದಳೇ ಎಂಬ ಅನುಮಾನವೂ ನನಗಿದೆ.

ಮೊದಲ ಉತ್ತರ

ನಿಮ್ಮ ಆಪ್ತರು ಬೇಸರಿಸಿಕೊಳ್ಳಬಾರದು, ಆದರೆ ಅವರ ಮಾತು ನಿಜಕ್ಕೆ ತೀರ ದೂರವಾದದ್ದು. ಕುಡ್ರೋ ವಾಸರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ 1985ರಲ್ಲಿ ಪದವಿ ಪಡೆದವರು. ಅವರ ತಂದೆ ತಲೆನೋವಿನ ಚಿಕಿತ್ಸೆಯಲ್ಲಿ ಹೆಸರಾದ ವೈದ್ಯರು. ನಟನೆಯ ಅವಕಾಶಗಳಿಗಾಗಿ ಅಲೆಯುತ್ತಿದ್ದ ಸುಮಾರು ಎಂಟು ವರ್ಷಗಳಲ್ಲಿ ಕುಡ್ರೋ ತಂದೆಯ ಸಂಶೋಧನೆಯಲ್ಲಿ ಕೈಜೋಡಿಸಿದ್ದರು. ಮನುಷ್ಯ ಎಡಚನೋ ಬಲಚನೋ ಎಂಬುದಕ್ಕೂ ಅವನಿಗೆ ಬರುವ ತಲೆನೋವಿನ ಬಗೆಗೂ ಸಂಬಂಧವಿದೆಯೇ ಎಂದು ಪರಿಶೀಲಿಸಿದ ಒಂದು ವೈದ್ಯಕೀಯ ಲೇಖನದ ಲೇಖಕರ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಆ ಲೇಖನ ಅಚ್ಚಾದದ್ದು 1994ರಲ್ಲಿ, ಅಂದರೆ ಫೀಬಿ ಟಿವಿಯಲ್ಲಿ ಕಾಣಿಸಿಕೊಂಡ ವರ್ಷದಲ್ಲಿಯೇ. ಅಂಕಿಅಂಶಗಳ ಕೋಷ್ಟಕ ನೋಡಿ ಬಂದ ಕಣ್ಣುಗಳೇ ಸಂಜೆಯ ಹೊತ್ತಿಗೆ ಜನರ ತಲೆಯ ಸುತ್ತಲಿನ ಪ್ರಭೆಯನ್ನು ಓದುವ ಹೆಂಗಸಿನ ಕಣ್ಣುಗಳಾಗಬೇಕಿತ್ತು.

ಅವರಿಗೆ ನಟನೆಯ ದಾರಿ ತೋರಿಸಿದವರು ಅಣ್ಣನ ಬಾಲ್ಯಸ್ನೇಹಿತ, ಹಾಸ್ಯನಟ ಜಾನ್ ಲೊವಿಟ್ಜ್. ಅವರ ಪ್ರೋತ್ಸಾಹದಿಂದ ಕುಡ್ರೋ ಲಾಸ್ ಏಂಜಲೀಸ್‌ನ ‘ದ ಗ್ರೌಂಡ್‌ಲಿಂಗ್ಸ್’ ತಂಡ ಸೇರಿದರು. ಸ್ಕ್ರಿಪ್ಟ್ ಇಲ್ಲದೆ, ವೇದಿಕೆಯ ಮೇಲೆ ಆ ಕ್ಷಣದಲ್ಲೇ ಪಾತ್ರ ಕಟ್ಟುವ ಆಶುನಟನೆಗೆ ಹೆಸರಾದ ತಂಡ ಅದು. ಹೊರಗಿನವರಿಗೆ ಬಾಯಿಗೆ ಬಂದದ್ದು ಹೇಳುವ ಆಟದಂತೆ ಕಂಡರೂ ಆಶುನಟನೆಯ ನಿಯಮಗಳು ಬಿಗಿಯಾದವು. ಎದುರಿನವನು ಹೇಳಿದ್ದನ್ನು ಅಲ್ಲಗಳೆಯುವಂತಿಲ್ಲ, ಅದನ್ನು ಸತ್ಯವೆಂದು ನಂಬಿ ಅದರ ಮೇಲೆಯೇ ಮುಂದಿನ ಮಾತು ಕಟ್ಟಬೇಕು, ತಾನು ತಮಾಷೆ ಮಾಡುತ್ತಿದ್ದೇನೆ ಎಂದು ಪ್ರೇಕ್ಷಕರಿಗೆ ಕಣ್ಣು ಮಿಟುಕಿಸುವಂತಿಲ್ಲ. ಫೀಬಿಯ ಗುಟ್ಟು ನನ್ನ ಮಟ್ಟಿಗೆ ಇಲ್ಲಿಯೇ ಇದೆ. ಚಾಂಡ್ಲರ್ ನಗೆಚಟಾಕಿ ಹಾರಿಸುತ್ತಾನೆ, ಹಾರಿಸುತ್ತಿದ್ದೇನೆಂಬ ಎಚ್ಚರ ಅವನಿಗಿರುತ್ತದೆ. ಫೀಬಿಗೆ ಆ ಎಚ್ಚರವಿಲ್ಲ. ಅವಳು ಹೇಳುವುದೆಲ್ಲ ಅವಳ ಪಾಲಿಗೆ ಕೇವಲ ವರದಿ.

ಮೊದಲ ಕಂತಿನ ಒಂದು ಮಾತನ್ನು ಮತ್ತೆ ಕೇಳಿ ನೋಡಿ. ತಾನು ಈ ಊರಿಗೆ ಬಂದಾಗ ಹದಿನಾಲ್ಕು ವರ್ಷ, ತಾಯಿ ಆತ್ಮಹತ್ಯೆ ಮಾಡಿಕೊಂಡಿದ್ದಳು, ಮಲತಂದೆ ಮತ್ತೆ ಜೈಲು ಸೇರಿದ್ದ, ಕಾರುಗಳ ಗಾಜು ಒರೆಸುತ್ತಿದ್ದ ಒಬ್ಬನ ಜತೆ ಇದ್ದೆ, ಆಮೇಲೆ ಅವನೂ ಆತ್ಮಹತ್ಯೆ ಮಾಡಿಕೊಂಡ, ಆಮೇಲೆ ನನಗೆ ಸುಗಂಧ ಚಿಕಿತ್ಸೆಯ ಪರಿಚಯವಾಯಿತು, ಆದ್ದರಿಂದ ನಿಮ್ಮ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. ಕಾಗದದ ಮೇಲೆ ಓದಿದರೆ ಎರಡು ಸಾವು, ಒಂದು ಜೈಲುವಾಸ, ಒಂದು ಅನಾಥ ಬಾಲ್ಯ. ಇದನ್ನು ಗದ್ಗದ ಕಂಠದಿಂದ ಹೇಳಿದ್ದರೆ ಅಲ್ಲಿಗೆ ಹಾಸ್ಯ ಸತ್ತೇಹೋಗುತ್ತಿತ್ತು. ನಗಿಸುವ ಉದ್ದೇಶ ಕಾಣುವಂತೆ ಹೇಳಿದ್ದರೆ ಆ ಹೆಂಗಸು ಕಲ್ಲೆದೆಯವಳೆಂದು ತೋರುತ್ತಿತ್ತು. ಕುಡ್ರೋ ಎರಡನ್ನೂ ಮಾಡುವುದಿಲ್ಲ. ಬಸ್ಸು ತಪ್ಪಿದ್ದರಿಂದ ತಡವಾಯಿತು ಎಂದು ಹೇಳುವವರ ಹಗುರ ದನಿಯಲ್ಲಿ ಹೇಳುತ್ತಾರೆ, ಸಾವುಗಳಿಗೆ ಕೊಟ್ಟ ಒತ್ತನ್ನೇ ಸುಗಂಧ ಚಿಕಿತ್ಸೆಗೂ ಕೊಡುತ್ತಾರೆ. ಆ ಸಮಾನ ಒತ್ತಿನಲ್ಲಿಯೇ ನಗು ಹುಟ್ಟುತ್ತದೆ, ಅದರ ಬೆನ್ನಿಗೇ ಸಣ್ಣ ಸಂಕಟವೂ ಹುಟ್ಟುತ್ತದೆ. ಇದು ಇದ್ದ ಹಾಗೆ ಇರುವವರಿಂದ ಆಗುವ ಕೆಲಸವಲ್ಲ, ಪ್ರತಿ ಪದವನ್ನೂ ತಕ್ಕಡಿಯಲ್ಲಿಟ್ಟು ತೂಗಿದವರ ಕೆಲಸ.

ಅದೃಷ್ಟದ ಪಾಲೂ ಇದೆ, ಅದು ಮೊದಲು ದುರದೃಷ್ಟದ ವೇಷದಲ್ಲಿ ಬಂದಿತ್ತು. 1993ರಲ್ಲಿ ‘ಫ್ರೇಸಿಯರ್’ ಸರಣಿಯ ರಾಝ್ ಎಂಬ ಪಾತ್ರಕ್ಕೆ ಕುಡ್ರೋ ಆಯ್ಕೆಯಾಗಿದ್ದರು. ಮೊದಲ ಕಂತಿನ ತಾಲೀಮು ನಡೆಯುತ್ತಿರುವಾಗಲೇ ಅವರನ್ನು ಕೈಬಿಟ್ಟು ಪೆರಿ ಗಿಲ್ಪಿನ್ ಅವರನ್ನು ತೆಗೆದುಕೊಂಡರು. ರಾಝ್‌ಗೆ ಕಥಾನಾಯಕ ಫ್ರೇಸಿಯರ್‌ನ ಎದುರು ಪಟ್ಟು ಬಿಡದೆ ನಿಲ್ಲುವ ಗಡಸುತನ ಬೇಕಿತ್ತು, ಅದು ಕುಡ್ರೋ ಅವರ ಜಾಯಮಾನವಲ್ಲ. ಆ ಕಂತಿನ ನಿರ್ದೇಶಕ ಜೇಮ್ಸ್ ಬರೋಸ್ ಅವರೇ ಮರುವರ್ಷ ‘ಫ್ರೆಂಡ್ಸ್’ನ ಮೊದಲ ಕಂತನ್ನೂ ನಿರ್ದೇಶಿಸಿದರು. ಹಿಂದಿನ ವರ್ಷ ತನ್ನನ್ನು ಕೈಬಿಟ್ಟ ತಂಡದ ನಿರ್ದೇಶಕರ ಎದುರಿಗೇ ನಿಂತು ಕುಡ್ರೋ ಮತ್ತೆ ಆಡಿಷನ್ ಕೊಡಬೇಕಾಯಿತು. ಸುಗಂಧ ಚಿಕಿತ್ಸೆಯ ಆ ಮಾತನ್ನೇ ಅವರು ಅಲ್ಲಿಯೂ ಓದಿದರು.

ಅಷ್ಟರಲ್ಲಾಗಲೇ ಅವರು ಎನ್‌ಬಿಸಿಯ ‘ಮ್ಯಾಡ್ ಅಬೌಟ್ ಯೂ’ ಸರಣಿಯಲ್ಲಿ ಅರ್ಸುಲಾ ಎಂಬ ಮರೆಗುಳಿ ಹೋಟೆಲ್ ಪರಿಚಾರಿಕೆಯಾಗಿ ಕಾಣಿಸಿಕೊಳ್ಳುತ್ತಿದ್ದರು. ಎರಡೂ ಸರಣಿಗಳು ಒಂದೇ ವಾಹಿನಿಯಲ್ಲಿ, ಗುರುವಾರ ರಾತ್ರಿ ಒಂದರ ಬೆನ್ನಿಗೊಂದು ಬರಲಿದ್ದವು, ಎರಡೂ ನ್ಯೂಯಾರ್ಕ್‌ನಲ್ಲಿ ನಡೆಯುವ ಕಥೆಗಳು. ಒಂದೇ ಮುಖ ಅರ್ಧ ಗಂಟೆಯ ಅಂತರದಲ್ಲಿ ಎರಡು ಹೆಸರಿನಿಂದ ಬಂದರೆ ನೋಡುಗರು ಗೊಂದಲಕ್ಕೊಳಗಾಗುವುದಿಲ್ಲವೇ? ‘ಫ್ರೆಂಡ್ಸ್’ ಸರಣಿಯನ್ನು ಸೃಷ್ಟಿಸಿದ ಡೇವಿಡ್ ಕ್ರೇನ್ ಮತ್ತು ಮಾರ್ಟಾ ಕೌಫ್‌ಮನ್ ಅವರು ಅರ್ಸುಲಾಳನ್ನು ಫೀಬಿಯ ಅವಳಿ ಸೋದರಿಯನ್ನಾಗಿ ಮಾಡಿ ಈ ಗಂಟು ಬಿಡಿಸಿದರು. ತೊಡಕು ತಪ್ಪಿಸಲು ಹೂಡಿದ ಉಪಾಯ ಫೀಬಿಗೆ ವರವಾಯಿತು. ತನ್ನದೇ ಮುಖ ಹೊತ್ತ, ಆದರೆ ತನ್ನ ಬಗ್ಗೆ ಕಿಂಚಿತ್ತೂ ಅಕ್ಕರೆಯಿಲ್ಲದ ಸೋದರಿಯೊಬ್ಬಳು ಎದುರಿಗೆ ಕುಳಿತಾಗ ಫೀಬಿಯ ಒಳಗಿನ ಒಂಟಿತನ ಹೇಳದೆಯೇ ಕಾಣುತ್ತದೆ. ಇಬ್ಬರೂ ಒಟ್ಟಿಗೆ ಇರುವ ದೃಶ್ಯಗಳಲ್ಲಿ ಕ್ಯಾಮೆರಾಗೆ ಬೆನ್ನು ಕೊಟ್ಟು ಕುಳಿತವರು ಕುಡ್ರೋ ಅವರ ಸ್ವಂತ ಅಕ್ಕ ಎಂಬುದು ಪಕ್ಕದ ಮಾತು.

ಎರಡನೆಯ ಉತ್ತರ

ಮೇಲಿನ ಉತ್ತರದ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ‘ಹಂಗಿಲ್ಲದವಳು’ ಎಂಬ ಪದವನ್ನು ನಾವೆಲ್ಲ ಸ್ವಲ್ಪ ಸಲೀಸಾಗಿ ಬಳಸುತ್ತಿದ್ದೇವೆ ಎಂದು ನನಗೆ ತೋರುತ್ತದೆ. ಹಂಗಿಲ್ಲದೆ ಇರುವುದು ಒಂದು, ಹಂಗು ತೋರಿಸಲು ಯಾರೂ ಇಲ್ಲದೆ ಇರುವುದು ಇನ್ನೊಂದು. ಫೀಬಿ ಬೆಳೆದದ್ದು ಎರಡನೆಯ ಸ್ಥಿತಿಯಲ್ಲಿ. ಏಳನೆಯ ಸೀಸನ್ನಿನ ಸೈಕಲ್ ಪ್ರಸಂಗ ನೆನಪಿದೆಯೇ? ಎದುರು ಮನೆಯ ಹುಡುಗಿಗೆ ಚೆಂದದ ಗುಲಾಬಿ ಸೈಕಲ್ ಇತ್ತು, ಅವಳು ಇವಳನ್ನು ಅದರ ಮೇಲೆ ಹತ್ತಗೊಡಲಿಲ್ಲ, ಆದರೆ ಸೈಕಲ್ ಬಂದ ರಟ್ಟಿನ ಪೆಟ್ಟಿಗೆಯನ್ನು ಕೊಟ್ಟಳು. ಆ ಪೆಟ್ಟಿಗೆಯಲ್ಲಿ ಇವಳನ್ನು ಕೂರಿಸಿ ಮಲತಂದೆ ಹಿತ್ತಿಲಲ್ಲಿ ಎಳೆದಾಡುತ್ತಿದ್ದನಂತೆ. ಇದೆಂಥ ಅನ್ಯಾಯ ಎಂದು ರಾಸ್ ಮರುಗಿದರೆ, ಹಾಗೇನಿಲ್ಲ, ಅವನನ್ನೂ ಕೂರಿಸಿಕೊಂಡು ನಾನು ಎಳೆಯುತ್ತಿದ್ದೆನಲ್ಲ ಎನ್ನುತ್ತಾಳೆ ಫೀಬಿ. ರಾಸ್ ಅಂಥದೇ ಸೈಕಲ್ ತಂದುಕೊಟ್ಟ ಮೇಲೆ ಗೊತ್ತಾಗುವುದೇನೆಂದರೆ, ಅವಳಿಗೆ ಸೈಕಲ್ ತುಳಿಯಲು ಬರುವುದೇ ಇಲ್ಲ. ಕಲಿಸುವವರು ಇರಲಿಲ್ಲವಲ್ಲ! ಇಂಥ ಬಾಲ್ಯವನ್ನು ಸ್ವಾತಂತ್ರ್ಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬರೆದವರ ಪಾಲನ್ನು ಕೇಳಿದ್ದೀರಿ. ಅದು ದೊಡ್ಡದು, ಹಾಗೆಯೇ ಏರುಪೇರಾದದ್ದು. ಮೊದಲ ನಾಲ್ಕೈದು ಸೀಸನ್‌ಗಳ ಫೀಬಿಯ ವಿಚಿತ್ರ ಮಾತಿನ ಹಿಂದೆ ಒಂದು ತರ್ಕವಿತ್ತು. ಬರುಬರುತ್ತ ವಿಚಿತ್ರವೇ ಮುಂದೆ ಬಂದು ತರ್ಕ ಹಿಂದೆ ಸರಿಯಿತು. ಕೆಲವು ಕಂತುಗಳಲ್ಲಿ ಅವಳ ನೇರ ಮಾತು ಬರಿಯ ಒರಟುತನವಾಗಿ ಕೇಳಿಸುತ್ತದೆ. ದೀರ್ಘಕಾಲ ಓಡುವ ಎಲ್ಲ ಹಾಸ್ಯ ಸರಣಿಗಳಿಗೂ ತಗಲುವ ರೋಗವಿದು. ಜೋಯಿಯ ದಡ್ಡತನವೂ ಮೋನಿಕಾಳ ಶುಚಿತ್ವದ ಗೀಳೂ ಹೀಗೆಯೇ ಉಬ್ಬಿದವು. ಆದ್ದರಿಂದ ನಿಮ್ಮ ಅನುಮಾನಕ್ಕೆ ಆಧಾರವಿದೆ.

ಬರೆದವರಿಗೆ ಸಲ್ಲಬೇಕಾದ ಹೊಗಳಿಕೆಯೂ ಇದೆ. ಕುಡ್ರೋ ಗರ್ಭಿಣಿಯಾದಾಗ ಆ ಹೊಟ್ಟೆಯನ್ನು ಮೇಜಿನ ಹಿಂದೆ, ದೊಡ್ಡ ಕೋಟಿನೊಳಗೆ ಬಚ್ಚಿಡುವ ಬದಲು, ಫೀಬಿ ತನ್ನ ತಮ್ಮ ಫ್ರಾಂಕ್ ಮತ್ತು ಅವನ ಹೆಂಡತಿ ಆಲಿಸ್‌ಗಾಗಿ ಬಾಡಿಗೆ ತಾಯಿಯಾಗುವ ಕಥೆಯನ್ನು ಹೆಣೆದರು. 1998ರ ಅಕ್ಟೋಬರ್‌ನಲ್ಲಿ ಬಂದ ನೂರನೆಯ ಕಂತಿನಲ್ಲಿ ಅವಳು ತ್ರಿವಳಿ ಮಕ್ಕಳನ್ನು ಹೆತ್ತು ಕೊಡುತ್ತಾಳೆ. ಕೊಡುವ ಮುನ್ನ ಮಕ್ಕಳೊಂದಿಗೆ ಒಬ್ಬಳೇ ಮಾತಾಡುವ ದೃಶ್ಯದಲ್ಲಿ ನಗುವಿನ ಬೆನ್ನಿಗೆ ಕಣ್ಣೀರು ಬರುತ್ತದೆ. ಆ ಹೊತ್ತಿನಲ್ಲಿ ಫೀಬಿಯನ್ನು ಯಾವ ಹಂಗೂ ಇಲ್ಲದವಳೆಂದು ಕರೆಯಲು ಯಾರಿಂದ ತಾನೇ ಸಾಧ್ಯ? ಪೋಷಕ ನಟಿಗೆ ಸಲ್ಲುವ ಎಮ್ಮಿ ಪ್ರಶಸ್ತಿ ಕುಡ್ರೋ ಅವರಿಗೆ ಬಂದದ್ದೂ ಅದೇ 1998ರಲ್ಲಿ. ಆರು ಮಂದಿ ಗೆಳೆಯರ ಪೈಕಿ ಆ ಗೌರವ ಮೊದಲು ಸಿಕ್ಕಿದ್ದು ಅವರಿಗೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸೈಕಲ್ ಪ್ರಸಂಗವನ್ನು ನಾನು ನಗುತ್ತ ನೋಡಿ ಮುಂದೆ ಸಾಗಿದ್ದೆ. ಈಗ ಮತ್ತೆ ನೋಡಬೇಕಾಯಿತು. ಇನ್ನೊಂದು ಸಂದೇಹ ಉಳಿದಿದೆ. ಜೀವಶಾಸ್ತ್ರ ಓದಿದ ನಟಿಗೆ ವಿಜ್ಞಾನವನ್ನೇ ಅಲ್ಲಗಳೆಯುವ ಸಂಭಾಷಣೆ ಹೇಳುವುದು ಮುಜುಗರವೆನಿಸಲಿಲ್ಲವೇ? ವಿಕಾಸವಾದವನ್ನು ತಾನು ನಂಬುವುದಿಲ್ಲ ಎಂದು ಫೀಬಿ ರಾಸ್‌ನೊಂದಿಗೆ ವಾದಿಸುವ ಕಂತನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ. ಅಂದ ಹಾಗೆ, ಗಿಟಾರ್ ಅವರೇ ನುಡಿಸುತ್ತಿದ್ದರೇ?

ಮೂರನೆಯ ಉತ್ತರ

ನೀವು ಹೇಳುವ ಕಂತು ಎರಡನೆಯ ಸೀಸನ್ನಿನದು, 1995ರ ಅಕ್ಟೋಬರ್‌ನಲ್ಲಿ ಪ್ರಸಾರವಾದದ್ದು. ಅದು ನನಗೆ ಅಚ್ಚುಮೆಚ್ಚಿನ ಕಂತಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕ್ಷಮೆಯಿರಲಿ. ರಾಸ್ ಪಳೆಯುಳಿಕೆಗಳ ಅಧ್ಯಯನ ಮಾಡುವ ವಿಜ್ಞಾನಿ. ಫೀಬಿ ವಿಕಾಸವಾದವನ್ನು ಒಪ್ಪುವುದಿಲ್ಲ ಎಂದ ಕೂಡಲೇ ಅವನಿಗೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಮಡಿಚುವುದನ್ನು ವಿಕಾಸವಿಲ್ಲದೆ ಹೇಗೆ ವಿವರಿಸುತ್ತೀಯೆ ಎಂದು ಅವನು ಕೇಳಿದರೆ, ನಮ್ಮ ಒಡೆಯರಿಗೆ ಅಂತರಿಕ್ಷ ನೌಕೆ ನಡೆಸಲು ಬೇಕಾಗಿತ್ತೇನೋ ಎನ್ನುತ್ತಾಳೆ. ಕೊನೆಗೆ ಅವನು ಪಳೆಯುಳಿಕೆಗಳನ್ನು ತುಂಬಿದ ಪೆಟ್ಟಿಗೆಯನ್ನೇ ಹೊತ್ತು ತರುತ್ತಾನೆ. ಆಗ ಫೀಬಿಯ ದನಿ ಮೆಲ್ಲಗೆ ಬದಲಾಗುತ್ತದೆ. ಭೂಮಿ ಚಪ್ಪಟೆಯೆಂದು ಮಹಾ ಬುದ್ಧಿವಂತರೇ ನಂಬಿದ್ದ ಕಾಲವಿತ್ತಲ್ಲವೇ, ಅಣುವಿಗಿಂತ ಚಿಕ್ಕದು ಇಲ್ಲವೆಂದಿದ್ದು ಮೊನ್ನೆ ಮೊನ್ನೆಯವರೆಗೆ ಅಲ್ಲವೇ, ಈಗಲೂ ನೀನು ತಪ್ಪಾಗಿರಲು ಎಳ್ಳಷ್ಟೂ ಸಾಧ್ಯತೆಯಿಲ್ಲವೆನ್ನುತ್ತೀಯಾ ಎಂದು ಕೇಳುತ್ತಾಳೆ. ಪ್ರಾಮಾಣಿಕನಾದ ವಿಜ್ಞಾನಿ ಹೇಳಬೇಕಾದದ್ದನ್ನೇ ರಾಸ್ ಹೇಳುತ್ತಾನೆ: ಎಳ್ಳಷ್ಟು ಇರಬಹುದು. ತಕ್ಷಣ ಫೀಬಿ ಅವನ ಮೇಲೆ ಎಗರಿ ಬೀಳುತ್ತಾಳೆ. ಇಷ್ಟು ಬೇಗ ಸೋತೆಯಾ, ಇದುವರೆಗೆ ನಿನ್ನ ಮಾತು ಒಪ್ಪದಿದ್ದರೂ ನಿನ್ನ ಮೇಲೆ ಗೌರವವಿತ್ತು, ನಾಳೆ ಕೆಲಸಕ್ಕೆ ಯಾವ ಮುಖ ಹೊತ್ತು ಹೋಗುತ್ತೀಯೆ!

ಇದು ವಿಜ್ಞಾನವನ್ನು ಅಲ್ಲಗಳೆಯುವ ದೃಶ್ಯವೆಂದು ನನಗನ್ನಿಸುವುದಿಲ್ಲ. ವಿಕಾಸವಾದಕ್ಕೆ ಇಲ್ಲಿ ಕೂದಲೂ ಕೊಂಕುವುದಿಲ್ಲ. ಕೊಂಕುವುದು ಎದುರಿಗಿರುವವರನ್ನು ಒಪ್ಪಿಸಿಯೇ ತೀರಬೇಕೆಂಬ ರಾಸ್‌ನ ಹಟಕ್ಕೆ. ಫೀಬಿಗೆ ಗೆಲ್ಲುವ ಅಗತ್ಯವೇ ಇಲ್ಲ, ಆದ್ದರಿಂದಲೇ ಅವಳು ಗೆಲ್ಲುತ್ತಾಳೆ. ಆ ವಾದವನ್ನು ಅಷ್ಟು ಚೊಕ್ಕವಾಗಿ, ಒಂದೊಂದೇ ಮೆಟ್ಟಿಲು ಹತ್ತಿಸಿ ಒಪ್ಪಿಸಲು, ವಿಜ್ಞಾನಿಗಳು ಹೇಗೆ ವಾದಿಸುತ್ತಾರೆಂದು ಮನೆಯಲ್ಲಿಯೇ ಕಂಡ ನಟಿಗೆ ಹೆಚ್ಚು ಕಷ್ಟವಾಗಿರಲಾರದು. ಇದು ನನ್ನ ಊಹೆ ಮಾತ್ರ.

ಗಿಟಾರ್ ವಿಷಯ ತಮಾಷೆಯದು. ಕುಡ್ರೋ ಅವರಿಗೆ ಗಿಟಾರ್ ಬರುತ್ತಿರಲಿಲ್ಲ. ಪಾಠಕ್ಕೆ ಕುಳಿತು ನಾಲ್ಕಾರು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಕಲಿತ ಮೇಲೆ, ಫೀಬಿಗೆ ಬರುವುದೂ ಇಷ್ಟೇ ಇರಬೇಕೆಂದು ತೀರ್ಮಾನಿಸಿ ಅಲ್ಲಿಗೇ ನಿಲ್ಲಿಸಿಬಿಟ್ಟರು. ಬರೆದವರೂ ಆ ಕೊರತೆಯನ್ನು ಪಾತ್ರದ ಗುಣವಾಗಿಸಿಕೊಂಡರು. ಒಂದು ಕಂತಿನಲ್ಲಿ ಫೀಬಿ ಜೋಯಿಗೆ ಗಿಟಾರ್ ಕಲಿಸಹೊರಡುತ್ತಾಳೆ, ಆದರೆ ಗಿಟಾರ್ ಮುಟ್ಟಗೊಡುವುದಿಲ್ಲ. ಕಾರ್ಡ್‌ಗಳ ನಿಜವಾದ ಹೆಸರು ಅವಳಿಗೆ ಗೊತ್ತಿಲ್ಲ. ಬೆರಳುಗಳು ತಂತಿಯ ಮೇಲೆ ಯಾವ ಆಕಾರ ತಾಳುತ್ತವೆಯೋ ಅದೇ ಹೆಸರು, ಕರಡಿ ಪಂಜ, ಟರ್ಕಿ ಕೋಳಿಯ ಕಾಲು, ಮುದುಕಿ. ಅವಳ ಬೆರಳುಗಳು ಗಾಳಿಯಲ್ಲಿ ಪಂಜದಂತೆ ಮಡಿಚುವುದನ್ನು, ಶಾಸ್ತ್ರೋಕ್ತ ಮೇಷ್ಟರ ಗಾಂಭೀರ್ಯ ಆ ಮುಖದ ಮೇಲಿರುವುದನ್ನು ನೋಡಿದರೆ, ಮೊದಲ ಉತ್ತರದಲ್ಲಿ ಹೇಳಿದ ‘ವರದಿ’ಯ ಮಾತು ಎಷ್ಟು ಸರಿಯೆಂದು ತಿಳಿಯುತ್ತದೆ. 2021ರ ಪುನರ್ಮಿಲನದ ವಿಶೇಷ ಕಾರ್ಯಕ್ರಮದಲ್ಲಿ ಲೇಡಿ ಗಾಗಾ ಜತೆಯಲ್ಲಿ ಕುಳಿತು ಆ ನಾರುವ ಬೆಕ್ಕಿನ ಹಾಡು ಹಾಡಿದಾಗಲೂ ಕುಡ್ರೋ ಅವರ ಕೈಯಲ್ಲಿ ಗಿಟಾರ್ ಇತ್ತು, ಮುಖದಲ್ಲಿ ಅದೇ ಗಾಂಭೀರ್ಯವಿತ್ತು.

ಮೊದಲ ಉತ್ತರ ಬರೆದವರು

ಒಂದು ಮಾತು ಸೇರಿಸಲು ಮರೆತಿದ್ದೆ. ನಿಮ್ಮ ಆಪ್ತರ ವಾದ ಪೂರ್ತಿ ಸುಳ್ಳೂ ಅಲ್ಲವೆಂದು ಕುಡ್ರೋ ಅವರ ಅನುಭವವೇ ಹೇಳುತ್ತದೆ. ಆರಂಭದಲ್ಲಿ ಫೀಬಿಯ ಮನಸ್ಸನ್ನು ಹಿಡಿಯಲು ಅವರು ಪಟ್ಟ ಶ್ರಮ ಬಹಳ. ಕೆಲವು ಸೀಸನ್ ಕಳೆದ ಮೇಲೆ, ಮೊದಲಿನಷ್ಟು ಶ್ರಮ ಪಡುತ್ತಿಲ್ಲವಲ್ಲ ಎಂಬ ಅಳುಕು ಅವರನ್ನು ಕಾಡಿತಂತೆ. ಆಗ ಜೋಯಿ ಪಾತ್ರದ ಮ್ಯಾಟ್ ಲೆಬ್ಲಾಂಕ್, ಇಷ್ಟು ವರ್ಷವಾಯಿತು, ಈಗ ನೀನೇ ಅವಳು, ಇನ್ನೆಷ್ಟು ಒದ್ದಾಡುತ್ತೀಯೆ ಎಂಬರ್ಥದಲ್ಲಿ ಧೈರ್ಯ ಹೇಳಿದರೆಂದು ಅವರು ಸಂದರ್ಶನದಲ್ಲಿ ನೆನೆದಿದ್ದಾರೆ. ಸ್ವಭಾವವಾದದ್ದು ಹೌದು, ಆದರೆ ಕಸುಬು ಮಾಡಿ ಮಾಡಿ ಸ್ವಭಾವವಾದದ್ದು. ಬೇಕಿದ್ದರೆ 2005ರ ‘ದ ಕಮ್‌ಬ್ಯಾಕ್’ ಸರಣಿಯಲ್ಲಿ ಅವರು ಮಾಡಿದ ವ್ಯಾಲರಿ ಚೆರಿಷ್ ಪಾತ್ರ ನೋಡಿ. ಕ್ಯಾಮೆರಾ ತನ್ನನ್ನೇ ನೋಡಲೆಂದು ಹಾತೊರೆಯುವ, ಎಲ್ಲರ ಮೆಚ್ಚುಗೆಗೂ ಕೈಚಾಚುವ ಮಾಜಿ ತಾರೆ ಅವಳು. ಫೀಬಿಯ ಒಂದು ಕೂದಲೆಳೆಯೂ ಅವಳಲ್ಲಿ ಸಿಗುವುದಿಲ್ಲ.

ಎರಡನೆಯ ಉತ್ತರ ಬರೆದವರಿಗೆ ನನ್ನದೊಂದು ಸಣ್ಣ ಆಕ್ಷೇಪ. ಬರಹ ಒರಟಾಯಿತೆಂದು ನೀವು ಹೇಳುವ ಕೊನೆಯ ಸೀಸನ್‌ಗಳಲ್ಲಿಯೇ ಫೀಬಿಯ ಪ್ರಿಯಕರ ಮೈಕ್‌ನ ಕಥೆಯೂ ಇದೆ. ಮದುವೆಯೇ ಬೇಡವೆನ್ನುವ ಮೈಕ್‌ನನ್ನು, ತನಗೆ ಮದುವೆ ಬೇಕೆಂಬ ಕಾರಣಕ್ಕೆ ಫೀಬಿ ಬಿಟ್ಟುಬಿಡುತ್ತಾಳೆ. ಅವನು ಮನಸ್ಸು ಬದಲಿಸಿ ಬಂದು ಕೇಳಿದಾಗ, ಈಗಲೇ ಬೇಕಿಲ್ಲ, ಮುಂದೆ ಆ ದಾರಿ ಇದೆಯೆಂದು ತಿಳಿದರೆ ಸಾಕು ಎನ್ನುತ್ತಾಳೆ. ಹತ್ತನೆಯ ಸೀಸನ್ನಿನಲ್ಲಿ ಅವರ ಮದುವೆಯ ದಿನ ಹಿಮಗಾಳಿ ಬೀಸಿ, ವಿದ್ಯುತ್ ಹೋಗಿ, ಕೊನೆಗೆ ಕಾಫಿ ಅಂಗಡಿಯ ಮುಂದಿನ ಬೀದಿಯಲ್ಲಿಯೇ ಮದುವೆ ನಡೆಯುತ್ತದೆ. ಅಮೆರಿಕದ ಸಂಪ್ರದಾಯದಂತೆ ವಧುವಿನ ಮೈಮೇಲೆ ನೀಲಿ ಬಣ್ಣದ್ದು ಏನಾದರೊಂದು ಇರಬೇಕು. ಹಿಮ ಬೀಳುತ್ತಿರುವಾಗ ಫೀಬಿ ಮೇಲಂಗಿಯನ್ನು ಕಳಚಿ ತೋಳಿಲ್ಲದ ಉಡುಪಿನಲ್ಲಿ ನಿಲ್ಲುತ್ತಾಳೆ. ಚಳಿಯಾಗುವುದಿಲ್ಲವೇ ಎಂದು ಗೆಳೆಯರು ಗಾಬರಿಯಾದರೆ, ಆಗಲಿ, ಆ ನೀಲಿಯ ವಸ್ತು ನಾನೇ ಆಗುತ್ತೇನೆ ಎನ್ನುತ್ತಾಳೆ.